ಹದಿಮೂರು ಸಿಕ್ಕು

ಕ್ರಿ.ಶ. ೨೦೪೩ನೆಯ ಇಸವಿ ಜೂನ್ ಎಂಟನೆಯ ತಾರೀಕು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ಹಿರೇಬಾವಿ ನಗರ ಜಲಮಂಡಳಿಯ ಕಂಟ್ರೋಲ್ ರೂಮಿನಲ್ಲಿ ಒಂದು ಕುರ್ಚಿಯನ್ನು ಹನ್ನೊಂದು ಅಡಿ ಪೂರ್ವಕ್ಕೆ ಸರಿಸಲಾಯಿತು. ಈ ಘಟನೆಗೆ ಇಬ್ಬರು ಪಂಚರು ಸಾಕ್ಷಿಯಾದರು. ಮೂರು ಪ್ರತಿಗಳಲ್ಲಿ ಪಂಚನಾಮೆಯಾಯಿತು. ಕುರ್ಚಿಗೆ ಎಡಗೈ ಇರಲಿಲ್ಲವೆಂಬುದೂ, ಆ ಕೈ ಕುರ್ಚಿ ಸರಿಸುವ ಮೊದಲಿಂದಲೇ ಇರಲಿಲ್ಲವೆಂಬುದೂ ದಾಖಲಾಯಿತು. ಊರಿನ ಮೂರು ಲಕ್ಷ ಜನರಲ್ಲಿ ಈ ಸಂಗತಿಯ ಮಹತ್ವ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಅವರು ಆ ಕುರ್ಚಿಯ ಮೇಲೆ ಕೂತಿದ್ದರು.

ಅವರ ಹೆಸರು ಮಹಾರುದ್ರಪ್ಪ ತಡಸದ. ವಯಸ್ಸು ಅರವತ್ತೆರಡು. ಊರಿನ ಯಾವ ಓಣಿಗೆ ಯಾವ ಹೊತ್ತಿಗೆ ನೀರು ಬಿಡಬೇಕೆಂದು ನಿರ್ಧರಿಸುವ ‘ಸರದಿ’ ಎಂಬ ಪ್ರೋಗ್ರಾಮನ್ನು ಇಪ್ಪತ್ತೆರಡು ವರ್ಷಗಳಿಂದ ಬರೆದವರು, ತಿದ್ದಿದವರು, ತೇಪೆ ಹಚ್ಚಿದವರು. ಅದು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ನಿವೃತ್ತಿಯಾದ ಮೇಲೂ ಮಂಡಳಿ ಅವರನ್ನು ಇಟ್ಟುಕೊಂಡಿತ್ತು. ಈಗ ಅದೇ ಕಾರಣಕ್ಕೆ ಅವರನ್ನು ಕುರ್ಚಿ ಸಮೇತ ಗಾಜಿನ ಗೋಡೆಯ ಆಚೆ ಕೂರಿಸಲಾಗಿತ್ತು. ಅಲ್ಲಿಂದ ನೋಡಬಹುದು. ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಮೊದಲನೆಯ ದಿನ ಅವರಿಗೆ ಕೆಮ್ಮು ಬಂದಾಗ ಅದನ್ನೂ ಬರೆದುಕೊಂಡರು.

ಇದೆಲ್ಲ ಸುಬೋಧ ಕಾಯಿದೆಯ ಕೃಪೆ. ಕಾಯಿದೆ ಬಂದದ್ದಕ್ಕೆ ಕಾರಣವಿತ್ತು. ಆ ಹೊತ್ತಿಗೆ ದೇಶದ ಸಕಲ ಕಾರುಬಾರೂ ಪ್ರೋಗ್ರಾಮುಗಳ ಕೈಯಲ್ಲಿತ್ತು. ಅವುಗಳನ್ನು ಬಹುಮಟ್ಟಿಗೆ ಯಂತ್ರಗಳೇ ಬರೆದು ಯಂತ್ರಗಳೇ ತಿದ್ದುತ್ತಿದ್ದವು. ಮನುಷ್ಯರು ಚಹಾ ಕುಡಿಯುತ್ತ ಒಪ್ಪಿಗೆಯ ಗುಂಡಿ ಒತ್ತುತ್ತಿದ್ದರು. ಒಂದು ಬೆಳಿಗ್ಗೆ ಒಂದು ಮಹಾನಗರದ ಲಿಫ್ಟುಗಳೆಲ್ಲ ಒಟ್ಟಿಗೆ ನಿಂತವು, ಮೂರು ಗಂಟೆಯ ಮೇಲೆ ಒಟ್ಟಿಗೆ ಹೊರಟವು. ಯಾಕೆಂದು ಓದಿ ಹೇಳಬಲ್ಲವರು ಸಿಗಲಿಲ್ಲ. ಯಂತ್ರವನ್ನು ಕೇಳಿದರೆ ನಲವತ್ತು ಪುಟದ ವಿವರಣೆ ಕೊಟ್ಟಿತು. ಅದನ್ನು ಓದಬಲ್ಲವರೂ ಸಿಗಲಿಲ್ಲ. ಆಮೇಲೆ ಬಂದ ಕಾಯಿದೆ ಹೇಳಿದ್ದಿಷ್ಟು: ಜನ ನಂಬಿಕೊಂಡಿರುವ ಯಾವುದೇ ಪ್ರೋಗ್ರಾಮು, ಅದನ್ನು ಹಿಂದೆ ಕಂಡಿರದ ಒಬ್ಬ ಸಾಮಾನ್ಯ ಮನುಷ್ಯನಿಗೆ ಓದಿದರೆ ತಿಳಿಯಬೇಕು.

ತಿಳಿಯಿತೋ ಇಲ್ಲವೋ ಅಳೆಯುವುದಕ್ಕೆ ಒಂದು ಪಟ್ಟಿ ಬಂತು. ಹಣೆಗೆ ಕಟ್ಟಿಕೊಳ್ಳುವ ಬಟ್ಟೆಯ ಪಟ್ಟಿ, ಒಳಗಡೆ ಸಾಸಿವೆ ಗಾತ್ರದ ಲೋಹದ ಮಣಿಗಳು. ಓದುವವರ ತಲೆಯಲ್ಲಿ ಏಕಕಾಲಕ್ಕೆ ಎಷ್ಟು ಮುಗಿಯದ ‘ಹೀಗಾದರೆ’ಗಳು ನೇತಾಡುತ್ತಿವೆ ಎಂಬುದನ್ನು ಅದು ಎಣಿಸುತ್ತದೆ. ‘ಮಳೆ ಬಂದರೆ ಕೊಡೆ ತಗೋ’ ಎಂದರೆ ಒಂದು ಸಿಕ್ಕು. ‘ಮಳೆ ಬಂದರೆ, ಅಪ್ಪ ಮನೆಯಲ್ಲಿದ್ದರೆ, ಅವನ ಕೊಡೆ ತಗೋ’ ಎಂದರೆ ಎರಡಲ್ಲ, ಮೂರು. ಯಾಕೆಂದರೆ ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ಹೊರುವುದು ಎರಡನ್ನು ಅಕ್ಕಪಕ್ಕ ಹೊರುವುದಕ್ಕಿಂತ ಭಾರ. ಹತ್ತು ಸಿಕ್ಕು ದಾಟಿದರೆ ಸಾಮಾನ್ಯ ತಲೆ ಹಿಡಿತ ಬಿಡುತ್ತದೆ. ಆದ್ದರಿಂದ ಮಿತಿ ಹತ್ತು. ದಾಟಿದ ಪ್ರೋಗ್ರಾಮಿಗೆ ಮೂವತ್ತು ದಿನ ಗಡುವು, ಆಮೇಲೆ ಬೀಗ.

ಪಟ್ಟಿ ಕಟ್ಟಿಕೊಂಡು ಓದುವುದಕ್ಕೆ ಸರಕಾರಿ ಓದುಗರು ನೇಮಕವಾದರು. ಓದುಗರು ಬೇರೆ ಜಿಲ್ಲೆಯವರಾಗಿರಬೇಕು. ಬರೆದವರನ್ನಾಗಲಿ ಬಳಸುವವರನ್ನಾಗಲಿ ಏನೂ ಕೇಳಬಾರದು. ಪ್ರೋಗ್ರಾಮಿನೊಳಗೆ ಬರೆದವರು ಇಟ್ಟ ಟಿಪ್ಪಣಿಗಳನ್ನೆಲ್ಲ ಓದುವ ಮೊದಲೇ ಅಳಿಸಿರಬೇಕು. ಅಡಿಟಿಪ್ಪಣಿ ಬೇಡುವ ವಾಕ್ಯ ವಾಕ್ಯವೇ ಅಲ್ಲ ಎಂಬುದು ಕಾಯಿದೆ ಬರೆದವರ ಅಭಿಪ್ರಾಯ. ಆ ಕಾಯಿದೆಗೆ ಅರವತ್ತೆರಡು ಅಡಿಟಿಪ್ಪಣಿಗಳಿವೆ.

ಹಿರೇಬಾವಿಗೆ ಬಂದ ಓದುಗರ ಹೆಸರು ಚೆಲುವಾಂಬ. ಕೊಳ್ಳೇಗಾಲದ ಕಡೆಯವರು, ಮೂವತ್ತಾರು ವರ್ಷ, ಅಜ್ಜಿಯ ಹೆಸರನ್ನು ಹೊತ್ತುಕೊಂಡು ಅದಕ್ಕಾಗಿ ಶಾಲೆಯಲ್ಲಿ ಅನುಭವಿಸಿದವರು. ಕೆಲಸದಲ್ಲಿ ಚುರುಕು, ಪ್ರಾಮಾಣಿಕತೆಯಲ್ಲಿ ಇನ್ನೂ ಚುರುಕು. ಏಳು ಊರುಗಳ ಸಿಕ್ಕು ಬಿಡಿಸಿ ಬಂದಿದ್ದರು. ‘ಸರದಿ’ಯನ್ನು ಮೊದಲ ಸಲ ಓದಿದಾಗ ಪಟ್ಟಿ ನಲವತ್ತೇಳು ತೋರಿಸಿತು. ಅವರು ಪಟ್ಟಿ ಬಿಚ್ಚಿ ಹಣೆ ಒರೆಸಿಕೊಂಡರು. ಗಾಜಿನ ಆಚೆ ತಡಸದ ಅವರು ಸ್ವಲ್ಪ ಹೆಮ್ಮೆಯಿಂದಲೇ ನೋಡುತ್ತಿದ್ದರು.

ಮೊದಲ ಹತ್ತು ದಿನ ಚೆಲುವಾಂಬ ಕಿತ್ತು ಹಾಕಿದ್ದೆಲ್ಲ ಕಿತ್ತು ಹಾಕಬೇಕಾದದ್ದೇ. ಗುಜರಿಗೆ ಹೋಗಿ ಹನ್ನೊಂದು ವರ್ಷವಾದ ಪಂಪೊಂದು ಕೆಟ್ಟರೆ ಏನು ಮಾಡಬೇಕೆಂಬ ಕವಲು ಅಲ್ಲಿತ್ತು. ಹಿಂದೊಮ್ಮೆ ಅಧ್ಯಕ್ಷರಾಗಿದ್ದವರೊಬ್ಬರ ಮನೆಯ ಮುಂದಿನ ನಲ್ಲಿಗೆ ಸದಾ ಒತ್ತಡ ಇರಲಿ ಎಂಬ ಕವಲಿತ್ತು. ಅವರು ಸೋತು, ಮನೆ ಮಾರಿ, ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯಿದ್ದು, ಅಂಗಡಿಯವನು ನಲ್ಲಿಯ ರಭಸಕ್ಕೆ ಬೆರಗಾಗಿದ್ದ. ತಡಸದ ಅವರಿಗೂ ಈ ಕತ್ತರಿ ಇಷ್ಟವಾಗತೊಡಗಿತ್ತು. ಬರೆದವನಿಗೆ ತನ್ನ ಕಸ ತಾನೇ ಗುಡಿಸಲು ಕೈ ಬರುವುದಿಲ್ಲ. ಬೇರೆಯವರು ಗುಡಿಸಿದರೆ ನೆಲ ಕಾಣುತ್ತದೆ. ನಲವತ್ತೇಳು ಇಪ್ಪತ್ತೆಂಟಕ್ಕಿಳಿಯಿತು, ಆಮೇಲೆ ಇಪ್ಪತ್ತಕ್ಕೆ.

ತಡಸದ ಅವರ ಹೆದರಿಕೆಯೆಲ್ಲ ಒಂದೇ ಕವಲಿನ ಮೇಲಿತ್ತು.

ಹಿರೇಬಾವಿಯಲ್ಲಿ ಒಂದೊಂದು ಓಣಿಗೆ ಐದು ದಿನಕ್ಕೊಮ್ಮೆ ನೀರು. ಜನ ಐದು ದಿನದ ಲೆಕ್ಕದಲ್ಲಿ ಬದುಕುತ್ತಾರೆ. ಸಾಯುವವರು ಮಾತ್ರ ಆ ಲೆಕ್ಕ ನೋಡುವುದಿಲ್ಲ. ನಾಲ್ಕನೆಯ ದಿನ, ಎಲ್ಲರ ಡ್ರಮ್ಮಿನ ತಳ ಕಾಣುವ ಹೊತ್ತಿಗೆ ಯಾರಾದರೂ ತೀರಿಕೊಂಡರೆ ಹೆಣಕ್ಕೆ ನೀರು ಹಾಕಬೇಕು, ಬಂದವರು ಮೈ ತೊಳೆಯಬೇಕು, ಮನೆ ತೊಳೆಯಬೇಕು, ಅಲ್ಲಿಯವರೆಗೆ ಓಣಿಯಲ್ಲಿ ಒಲೆ ಹೊತ್ತುವಂತಿಲ್ಲ. ಸರದಿ ತಪ್ಪಿಸಿ ನೀರು ಬಿಡುವುದು ಮಂಡಳಿಯ ನಿಯಮಕ್ಕೆ ವಿರುದ್ಧ. ಹಿಂದೆ ಕೈಯಿಂದ ವಾಲ್ವ್ ತಿರುಗಿಸುವ ಕಾಲದಲ್ಲಿ ವಾಲ್ವ್‌ಮನ್ನುಗಳು ಕೀಲಿ ತಗೊಂಡು ಹೋಗಿ ಸುಮ್ಮನೆ ಬಿಟ್ಟು ಬರುತ್ತಿದ್ದರು. ವಾಲ್ವುಗಳು ಮೋಟಾರಿನವಾದ ಮೇಲೆ ಆ ಕೆಲಸ ಪ್ರೋಗ್ರಾಮಿಗೆ ಬಂತು, ಪ್ರೋಗ್ರಾಮು ತಡಸದ ಅವರ ಕೈಯಲ್ಲಿತ್ತು. ಅವರು ಯಾರನ್ನೂ ಕೇಳದೆ ಒಂದು ಕವಲು ಬರೆದರು. ಸಾವಾದ ಓಣಿಯಲ್ಲಿ ನಿಂತು ವಾಲ್ವ್‌ಮನ್ ಕಂಟ್ರೋಲ್ ರೂಮಿನ ಹಳೆಯ ಲ್ಯಾಂಡ್‌ಲೈನಿಗೆ ಒಂದು ಮಿಸ್ ಕಾಲ್ ಕೊಡಬೇಕು. ಮೂರು ರಿಂಗು, ಕಟ್. ಯಾವ ಓಣಿಯೆಂಬುದು ಮೊಬೈಲಿನ ಸಿಗ್ನಲ್ಲಿನಿಂದಲೇ ತಿಳಿಯುತ್ತದೆ. ಆ ಫೋನನ್ನು ಯಾರೂ ಎತ್ತಬಾರದು. ಎತ್ತಿದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ಅರ್ಜಿ ಬರೆಯಬೇಕಾಗುತ್ತದೆ. ಅದಕ್ಕೇ ಅದನ್ನು ಡ್ರಾವರಿನೊಳಗಿಟ್ಟಿದ್ದರು. ಮೂರು ರಿಂಗಾದರೆ, ನಂಬರು ಒಂಬತ್ತು ವಾಲ್ವ್‌ಮನ್ನುಗಳಲ್ಲಿ ಒಬ್ಬರದಾದರೆ, ಆ ಓಣಿಯ ಸರದಿ ಒಂದು ದಿನಕ್ಕಿಂತ ದೂರವಿದ್ದರೆ, ಟ್ಯಾಂಕು ಮೂರನೇ ಒಂದು ಪಾಲಾದರೂ ತುಂಬಿದ್ದರೆ, ಆ ಓಣಿಯ ಸಣ್ಣ ವಾಲ್ವ್ ನಲವತ್ತು ನಿಮಿಷ ತೆರೆಯುತ್ತದೆ. ದಾಖಲೆಯಲ್ಲಿ ‘ಪೈಪಿನ ಗಾಳಿ ಬಿಟ್ಟದ್ದು’ ಎಂದು ಬೀಳುತ್ತದೆ. ಆಡಿಟ್‌ನವರು ಗಾಳಿಯ ಬಗ್ಗೆ ಯಾವತ್ತೂ ಪ್ರಶ್ನೆ ಎತ್ತಿರಲಿಲ್ಲ.

ಆ ಕವಲೊಂದೇ ಹದಿಮೂರು ಸಿಕ್ಕು.

ಚೆಲುವಾಂಬ ಉಳಿದುಕೊಂಡಿದ್ದು ಹೂಗಾರ ಓಣಿಯಲ್ಲಿ, ಕಾಶವ್ವ ಹೂಗಾರ ಎಂಬವರ ಮನೆಯ ಮಾಳಿಗೆಯ ಕೋಣೆಯಲ್ಲಿ. ಕೆಳಗೆ ಕಾಶವ್ವ, ಅವರ ಗಂಡ ಮಲ್ಲೇಶಪ್ಪ, ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಮತ್ತು ಇವರೆಲ್ಲರಿಗಿಂತ ಹೆಚ್ಚು ಜಾಗ ಹಿಡಿದಿದ್ದ ನೀರಿನ ಪಾತ್ರೆಗಳು. ಒಂದು ಸಂಜೆ ಚೆಲುವಾಂಬ ಹಣೆಯ ಪಟ್ಟಿ ಬಿಚ್ಚುವುದನ್ನು ಮರೆತು ಮನೆಗೆ ಬಂದು, ಬಾಯಾರಿಕೆಗೆ ಕೈಗೆ ಸಿಕ್ಕ ತಂಬಿಗೆಯನ್ನು ಕೈಗೆ ಸಿಕ್ಕ ಹಂಡೆಯಲ್ಲಿ ಅದ್ದಿದರು. ಕಾಶವ್ವ ಕೈ ಹಿಡಿದು ನಿಲ್ಲಿಸಿ ಮನೆಯ ಪದ್ಧತಿ ತಿಳಿಸಿಕೊಟ್ಟರು. ತಾಮ್ರದ ಕೊಡ ಕುಡಿಯಲಿಕ್ಕೆ, ಆದರೆ ಸರದಿಯ ದಿನ ಅಲ್ಲ, ಅವತ್ತು ಹೊಸ ನೀರು ತಿಳಿಯಾಗಬೇಕು. ಅವತ್ತು ಸ್ಟೀಲಿನದು, ಅದೂ ಹಿಂದಿನ ದಿನ ಮೊಮ್ಮಕ್ಕಳು ಅದಕ್ಕೆ ಕೈ ಹಾಕಿರದಿದ್ದರೆ. ಹಾಕಿದ್ದರೆ ಅದು ಅಕ್ಕಿ ತೊಳೆಯಲಿಕ್ಕೆ. ಅಕ್ಕಿ ತೊಳೆದ ನೀರು ಮಲ್ಲಿಗೆ ಬುಟ್ಟಿಗೆ ಚಿಮುಕಿಸಲಿಕ್ಕೆ, ಆದರೆ ದೇವರಿಗೆ ಹೋಗುವ ಬುಟ್ಟಿಗಲ್ಲ. ಹಣೆಯ ಪಟ್ಟಿ ಕಿರುಗುಟ್ಟಿತು. ಚೆಲುವಾಂಬ ಬಿಚ್ಚಿ ನೋಡಿದರೆ ಮೂವತ್ತೊಂದು.

ಮಲ್ಲೇಶಪ್ಪನವರಿಗೆ ಇದರಷ್ಟು ಸಂತೋಷ ಕೊಟ್ಟದ್ದು ಬಹಳ ದಿನದಲ್ಲಿ ಇರಲಿಲ್ಲ. ಹೂ ಕಟ್ಟುತ್ತಿದ್ದವರು ದಾರ ಬಿಟ್ಟು ನಕ್ಕರು. “ಮೂವತ್ತೊಂದಂತ! ನಲವತ್ತಾರು ವರ್ಷ ಆತು, ಮ್ಯಾಡಮ್ಮಾರ, ನಮ್ಮ ಲಗ್ನ ಆಗಿ. ನಾನು ಇನ್ನೂ ಕೇಳೇ ಕುಡೀತೀನಿ.”

“ಕೇಳಿ ಕುಡದ್ರ ಏನಾಗ್ಯಾದ ಈಗ?” ಎಂದರು ಕಾಶವ್ವ. “ಬಾಯಾರಿ ಸತ್ತೀರೇನು?”

ಚೆಲುವಾಂಬ ತಮಾಷೆಗೆ ಆ ಪದ್ಧತಿಯನ್ನು ಹಾಳೆಯ ಮೇಲೆ ಬಿಡಿಸಿ ಮೂರು ಪಾತ್ರೆ, ಮೂರು ಬಣ್ಣ, ಸಿಕ್ಕು ಆರು, ಅಷ್ಟರಲ್ಲಿ ಮುಗಿಯುವ ಹಾಗೆ ಮಾಡಿ ತೋರಿಸಿದರು. ಕಾಶವ್ವ ಹಾಳೆ ತಗೊಂಡು ದೂರ ಹಿಡಿದು ಹತ್ತಿರ ಹಿಡಿದು ನೋಡಿ, ಭಾಳ ಛಲೋ ಐತಿ ಎಂದು ಮೆಚ್ಚಿ, ಎಣ್ಣೆ ಡಬ್ಬಿಯ ಕೆಳಗೆ ಜಿಡ್ಡು ತಾಗದಂತೆ ಹಾಸಿದರು.

ಹದಿನೆಂಟನೆಯ ದಿನ ಚೆಲುವಾಂಬ ಆ ಕವಲಿಗೆ ಬಂದರು. ತಡಸದ ಅವರು ಗಾಜಿಗೆ ಮೂಗು ತಾಗುವಷ್ಟು ಮುಂದೆ ಬಾಗಿ ಕೂತಿದ್ದರು.

ಚೆಲುವಾಂಬರಿಗೆ ಕಂಡದ್ದು ಇಷ್ಟು: ಯಾರೂ ಎತ್ತದ ಒಂದು ಫೋನು. ಹೆಸರಿಲ್ಲದ ಒಂಬತ್ತು ನಂಬರುಗಳು. ಮೂರು ವರ್ಷದ ದಾಖಲೆಯಲ್ಲಿ ಸಾವಿರದ ನೂರ ನಲವತ್ತು ಕರೆಗಳು, ಎಲ್ಲದರ ಮುಂದೆಯೂ ‘ಉತ್ತರಿಸಿಲ್ಲ’. ಪ್ರತಿಯೊಂದರ ನಂತರ ಪೈಪಿನ ಗಾಳಿ ಬಿಟ್ಟದ್ದು. ಅವರು ಎರಡು ದಿನ ಯೋಚಿಸಿದರು. ಉಡಾಫೆಯ ಹೆಂಗಸಲ್ಲ ಅವರು. ಹಳೆಯ ಕಾಲದಲ್ಲಿ ಪೈಪುಗಳಿಗೆ ಕೂರಿಸುತ್ತಿದ್ದ ಒತ್ತಡಮಾಪಕಗಳೊಳಗೆ ಸಿಮ್ ಇರುತ್ತಿತ್ತು, ಗಾಳಿ ತುಂಬಿದರೆ ಅವು ಕಚೇರಿಗೆ ರಿಂಗ್ ಮಾಡುತ್ತಿದ್ದವು. ಒಂಬತ್ತು ನಂಬರುಗಳು ಅವೇ ಇರಬೇಕು. ಮೂರು ವರ್ಷದ ಹಿಂದೆ ಊರಿಗೆಲ್ಲ ತಾನೇ ಗಾಳಿ ಬಿಟ್ಟುಕೊಳ್ಳುವ ವಾಲ್ವುಗಳನ್ನು ಹಾಕಿದ ಆದೇಶವೂ ಫೈಲಿನಲ್ಲಿತ್ತು. ಅಂದಮೇಲೆ ಆ ಹಳೆಯ ಮಾಪಕಗಳು ಕೆಟ್ಟು ಸುಮ್ಮನೆ ರಿಂಗಾಗುತ್ತಿವೆ, ಈ ಕವಲಿಗೆ ಈಗ ಕೆಲಸವಿಲ್ಲ. ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಆ ಒಂಬತ್ತರಲ್ಲಿ ಒಂದು ನಂಬರಿಗೆ ಫೋನು ಮಾಡಿದ್ದರೆ ಸಾಕಿತ್ತು, ಆದರೆ ಕೇಳುವುದು ಕಾಯಿದೆಗೆ ವಿರುದ್ಧ.

ತಡಸದ ಅವರು ಇಡೀ ಸರ್ವೀಸಿನಲ್ಲಿ ಮಾಡದ ಕೆಲಸವನ್ನು ಆಗ ಮಾಡಿದರು. ಗಾಜಿನ ಆಚೆ, ಮೇಜಿನ ಕೆಳಗೆ ಮೊಬೈಲು ಹಿಡಿದು, ಕಂಟ್ರೋಲ್ ರೂಮಿನ ಲ್ಯಾಂಡ್‌ಲೈನಿಗೆ ಮಿಸ್ ಕಾಲ್ ಕೊಟ್ಟರು. ಚೆಲುವಾಂಬರ ಮೊಣಕಾಲಿನ ಪಕ್ಕದ ಡ್ರಾವರಿನಲ್ಲಿ ಮೂರು ರಿಂಗಾಗಿ ನಿಂತಿತು. ಚೆಲುವಾಂಬ ಡ್ರಾವರು ತೆಗೆದರು. ಧೂಳು ಹಿಡಿದ ಫೋನನ್ನು ನೋಡಿದರು. ತಲೆಯೆತ್ತಿ ಸುತ್ತ ನೋಡಿದರು. ಗಾಜಿನ ಆಚೆಯ ಮುದುಕರು ಕಣ್ಣು ಕೀಳದೆ ತಮ್ಮನ್ನೇ ನೋಡುತ್ತಿದ್ದರು. ಇಪ್ಪತ್ತು ದಿನದಿಂದ ಅವರು ನೋಡುತ್ತಿದ್ದದ್ದೇ ಹಾಗೆ. ಚೆಲುವಾಂಬ ತಮ್ಮ ಟಿಪ್ಪಣಿಯಲ್ಲಿ ಬರೆದರು: ‘ಲೈನಿನಲ್ಲಿ ಈಗಲೂ ತಾನಾಗಿ ರಿಂಗಾಗುವ ದೋಷವಿದೆ. ನನ್ನ ಎದುರಿಗೇ ಆಯಿತು.’ ಆಮೇಲೆ ಕವಲನ್ನು ತೆಗೆದರು. ಪಟ್ಟಿ ಏಳು ತೋರಿಸಿತು.

ತಡಸದ ಅವರು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ಆಮೇಲೆ ಕೆಲವರು ಕೇಳಿದ್ದಾರೆ. ಓದಿನ ನಡುವೆ ಬರೆದವನು ಬಾಯಿಬಿಟ್ಟರೆ ಓದು ರದ್ದು, ಅದೇ ದಿನ ಪ್ರೋಗ್ರಾಮಿಗೆ ಬೀಗ, ಊರಿಗೆಲ್ಲ ನೀರು ಬಂದ್. ಹಳೆಯ ಕೈಕೀಲಿಗಳನ್ನು ಮಂಡಳಿ ಎಂದೋ ಗುಜರಿಗೆ ಹಾಕಿತ್ತು. ಅವರು ಮೂರು ಲಕ್ಷ ಜನರನ್ನು ಒಂದು ತಟ್ಟೆಯಲ್ಲಿಟ್ಟು, ದಿನಕ್ಕೊಂದು ಸಾವನ್ನು ಇನ್ನೊಂದರಲ್ಲಿಟ್ಟು ತೂಗಿದರು. ಬಾಯಿ ಮುಚ್ಚಿಕೊಂಡರು. ಮಾರನೆಯ ದಿನ ಪ್ರಮಾಣಪತ್ರವಾಯಿತು, ಪೇಢೆ ಹಂಚಿದರು, ಅಧ್ಯಕ್ಷರು ಪಟ್ಟಿಯನ್ನು ತಮ್ಮ ಹಣೆಗೂ ಕಟ್ಟಿಸಿಕೊಂಡು ಫೋಟೋ ತೆಗೆಸಿಕೊಂಡರು. ಅದು ಏನನ್ನೂ ತೋರಿಸಲಿಲ್ಲ.

ಆ ವಾರದ ಶುಕ್ರವಾರ, ಹೂಗಾರ ಓಣಿಗೆ ನೀರು ಬಂದು ನಾಲ್ಕನೆಯ ದಿನ, ಬೆಳಿಗ್ಗೆ ಏಳೂವರೆಗೆ ಮಲ್ಲೇಶಪ್ಪನವರು ಚಹಾದ ಬಸಿ ಕೆಳಗಿಟ್ಟು, ಎದೆ ಹಿಡಿದುಕೊಂಡು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ.

ಎಂಟಕ್ಕೆಲ್ಲ ಓಣಿ ನೆರೆಯಿತು. ಹೆಂಗಸರು ಒಳಗೆ ಅಳುತ್ತಿದ್ದರು. ಹೊರಗೆ ಗಂಡಸರು ಮಾಡಬೇಕಾದದ್ದನ್ನು ಮಾಡುತ್ತಿದ್ದರು: ವಿಭೂತಿ, ಹೂವು, ಜಂಗಮರಿಗೆ ಹೇಳಿಕಳಿಸುವುದು. ಅದರ ಜೊತೆಗೆ, ಯಾರೂ ಯಾರಿಗೂ ಹೇಳದೆ, ಪ್ರತಿ ಮನೆಯ ನಲ್ಲಿಯ ಕೆಳಗೂ ಖಾಲಿ ಬಕೆಟ್ಟುಗಳು ಬಂದು ಕೂತವು. ಸಾವಾದ ದಿನ ನೀರು ಬರುತ್ತದೆ ಎಂಬುದು ಆ ಓಣಿಗೆ ಸೂರ್ಯ ಹುಟ್ಟುವಷ್ಟೇ ಖಾತ್ರಿಯ ಸಂಗತಿ. ಚೆಲುವಾಂಬ ಬಕೆಟ್ಟುಗಳ ಸಾಲು ನೋಡಿ, ಇವತ್ತು ಸರದಿಯಲ್ಲವಲ್ಲ ಎಂದು ಪಕ್ಕದ ಮನೆಯಾಕೆಯನ್ನು ಕೇಳಿದರು. ಬರತಾವ ತಗೋರಿ, ಸಾಬರು ಬಂದಾರ, ಎಂದು ಆಕೆ ಓಣಿಯ ತುದಿಗೆ ಕೈ ತೋರಿಸಿದರು.

ಅಲ್ಲಿ ವಾಲ್ವ್‌ಮನ್ ದಾವಲಸಾಬ ನದಾಫ ನಿಂತಿದ್ದರು. ಐವತ್ತೆಂಟು ವರ್ಷ, ಹೆಗಲ ಮೇಲೆ ಟವೆಲು. ಮೊಬೈಲು ಕಿವಿಗೆ ಹಿಡಿದು, ಮೂರು ಎಣಿಸಿ, ಕಟ್ ಮಾಡಿ, ಮಣ್ಣಿನಡಿಯ ವಾಲ್ವಿನ ಮುಚ್ಚಳವನ್ನು ನೋಡುತ್ತಿದ್ದರು. ಐದು ನಿಮಿಷ ಬಿಟ್ಟು ಮತ್ತೆ ಅದನ್ನೇ ಮಾಡಿದರು. ಆರನೆಯ ಸಲಕ್ಕೆ ಚೆಲುವಾಂಬ ಹತ್ತಿರ ಹೋಗಿ ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಪ್ರಮಾಣಪತ್ರವಾಗಿತ್ತು, ಕೇಳುವುದಕ್ಕೆ ಈಗ ಅಡ್ಡಿಯಿರಲಿಲ್ಲ.

“ಮಿಸ್ ಕಾಲ್ ಕೊಡಾಕತ್ತೀನ್ರೀ.”

“ಯಾರಿಗೆ?”

“ಅದು ನನಗ ಗೊತ್ತಿಲ್ರೀ ಮ್ಯಾಡಮ್ಮಾರ. ತಡಸದ ಸಾಹೇಬ್ರು ನಂಬರ್ ಕೊಟ್ಟಾರ. ಸತ್ತ ಮನಿ ಮುಂದ ನಿಂತು ಮೂರು ರಿಂಗ್ ಕೊಟ್ರ ನೀರ ಬರತಾವ. ಇಪ್ಪತ್ತೆರಡ ವರ್ಷ ಬಂದಾವ. ನಮ್ಮ ಅವ್ವ ಸತ್ತಾಗೂ ಬಂದಾವ. ಇವತ್ತ ಯಾಕೋ…” ಅವರು ಫೋನನ್ನು ಟವೆಲಿನ ತುದಿಯಿಂದ ಒರೆಸಿದರು. “ಬ್ಯಾಟರಿ ವೀಕ್ ಆಗೈತೇನೋ. ನಿಮ್ಮ ಫೋನ್ ಕೊಡ್ತೀರೇನ್ರೀ ಒಂಚೂರು?”

ಚೆಲುವಾಂಬ ಫೋನು ಕೊಟ್ಟರು. ಕೊಡಬಾರದಿತ್ತು ಎನ್ನಲು ಕಾರಣವೂ ಇರಲಿಲ್ಲ, ಕೊಟ್ಟು ಪ್ರಯೋಜನವೂ ಇರಲಿಲ್ಲ. ದಾವಲಸಾಬರು ಅದರಿಂದಲೂ ಮೂರು ರಿಂಗು ಕೊಟ್ಟು, ಕಟ್ ಮಾಡಿ, ಮುಚ್ಚಳ ನೋಡುತ್ತ ನಿಂತರು. ಹದಿಮೂರು ಸಿಕ್ಕಿನ ಆ ಕವಲು ಈಗ ಚೆಲುವಾಂಬರಿಗೆ ಒಂದೇ ಒಂದು ವಾಕ್ಯವಾಗಿ ತಿಳಿಯಿತು. ಪಟ್ಟಿ ಕಟ್ಟಿದ್ದರೆ ಎರಡೋ ಮೂರೋ ತೋರಿಸುತ್ತಿತ್ತು.

ಹನ್ನೊಂದರ ತನಕ ಕಾದರು. ಟ್ಯಾಂಕರಿಗೆ ಹೇಳಿದರೆ ನಾಳೆ ಮಧ್ಯಾಹ್ನ ಎಂಬ ಉತ್ತರ ಬಂತು. ಕೊನೆಗೆ ಹದಿನಾಲ್ಕು ಮನೆಗಳವರು ಡ್ರಮ್ಮುಗಳ ತಳ ಬಾಚಿ ತಂದ ನೀರು ಸೇರಿಸಿದರೆ ಮೂರೂವರೆ ಕೊಡವಾಯಿತು. ಮಲ್ಲೇಶಪ್ಪನವರಿಗೆ ಎರಡು ಕೊಡ ಹಾಕಿದರು. ಒಂದು ಕೊಡ ಹೊತ್ತವರ ಕಾಲಿಗೆ. ಅರ್ಧ ಕೊಡದಲ್ಲಿ ಕಾಶವ್ವ ಮನೆ ಒರೆಸಿದರು. ಸಮಾಧಿಗೆ ಹೋಗಿ ಬಂದವರಿಗೆ ಮೈಗೆ ನೀರಿಲ್ಲ. ಮೈಗೆ ನೀರಿಲ್ಲದೆ ಒಲೆಯಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಓಣಿಯ ಮಕ್ಕಳು ಹಸಿವಿನಿಂದ ರಚ್ಚೆ ಹಿಡಿದವು. ಆಗ ಎದುರು ಮನೆಯ ಮುದುಕಿಯೊಬ್ಬಳು, ಶಿವಾ ಎಂದು ಕೈ ಮುಗಿದು, ಮೀಯದೆಯೇ ಒಲೆ ಹೊತ್ತಿಸಿದಳು. ಅದನ್ನು ನೋಡಿ ಎರಡನೆಯವರು ಹೊತ್ತಿಸಿದರು. ಸಂಜೆಯೊಳಗೆ ಎಲ್ಲರೂ ಹೊತ್ತಿಸಿದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಕಾಶವ್ವನವರಿಗೆ ಇದೊಂದೂ ಗೊತ್ತಿರಲಿಲ್ಲ. ಚೆಲುವಾಂಬ ತಾವಾಗಿಯೇ ಹೇಳಿದರು, ನಾನೇ ತೆಗೆದದ್ದು ಎಂದು. ಕಾಶವ್ವ, “ಆತ ದಿನಾ ಎರಡು ಸಲ ಜಳಕ ಮಾಡಾಂವ, ಮ್ಯಾಡಮ್ಮಾರ. ನಾನು ನೀರು ಹಾಳ ಮಾಡ್ತೀರಿ ಅಂತ ಬೈತಿದ್ದೆ,” ಎಂದಷ್ಟೇ ಹೇಳಿ ಒಳಗೆ ಹೋದರು.

ಮಾರನೆಯ ದಿನ ಚೆಲುವಾಂಬ ಗಾಜಿನ ಬಾಗಿಲು ದಾಟಿ ತಡಸದ ಅವರ ಎದುರು ಕೂತರು. ಒಂದು ತಿಂಗಳು ದಿನಾ ಮುಖ ನೋಡಿದವರು ಮಾತಾಡಿದ್ದು ಅದೇ ಮೊದಲು.

“ಟಿಪ್ಪಣಿ ಅಳಿಸ್ತಾರೆ ಸರಿ, ಆ ಕವಲಿನ ಹೆಸರಲ್ಲಾದ್ರೂ ಬರ್ದಿಡಬಹುದಿತ್ತಲ್ವಾ ಸಾರ್? ಇದು ಸಾವಿನ ಮನೆಗೆ ಅಂತ?”

“ಬರದ್ರ ಓದತಿದ್ರರೀ,” ಎಂದರು ತಡಸದ. “ಓದಿದ್ರ ಕೇಳತಿದ್ರು. ಕೇಳಿದ್ರ ನಿಂದ್ರಸತಿದ್ರು. ಓದಾಕ ಬರಲಾರದಂಗ ಬರದೆ, ಉಳೀತು. ಸಿಕ್ಕು ನಾನು ದಡ್ಡ ಅಂತ ಆಗಿದ್ದಲ್ಲರೀ ಅದು. ಬೇಲಿ ಹಾಕಿದ್ದೆ.”

ಅವರ ಸಲಹೆ ಸರಳವಾಗಿತ್ತು. ಕವಲನ್ನು ಹಾಗೇ ವಾಪಸು ಹಾಕೋಣ. ಚೆಲುವಾಂಬರಿಗೆ ಈಗ ಅರ್ಥ ಗೊತ್ತಿರುವುದರಿಂದ ಪಟ್ಟಿ ಹತ್ತು ದಾಟುವುದಿಲ್ಲ. ಒಂದು ಸಹಿ ಸಾಕು. ಚೆಲುವಾಂಬ ಒಪ್ಪಲಿಲ್ಲ. ‘ಹಿಂದೆ ಕಂಡಿರದವಳು’ ಎಂದು ಸುಳ್ಳು ಸಹಿ ಹಾಕುವುದು ಒಂದು. ಮುಂದಿನ ವರ್ಷ ಇನ್ನೊಬ್ಬ ಓದುಗ ಬಂದು ತಮ್ಮ ಹಾಗೇ ಅದನ್ನು ಕತ್ತರಿಸುವುದು ಇನ್ನೊಂದು. ಬೇಲಿಯೊಳಗೆ ಬಚ್ಚಿಟ್ಟದ್ದಕ್ಕೇ ಅಲ್ಲವೇ ಅದು ತಮ್ಮ ಕತ್ತರಿಗೆ ಸಿಕ್ಕಿದ್ದು? ಒಳ್ಳೆಯದನ್ನು ಕದ್ದು ಯಾಕೆ ಮಾಡಬೇಕು, ಅಚ್ಚಕನ್ನಡದಲ್ಲಿ ಬರೆಯೋಣ, ಇದನ್ನು ಬೇಡ ಎನ್ನುವವರು ಯಾರಿದ್ದಾರೆ ಎಂದು ಅವರು ವಾದಿಸಿದರು. ಅವರು ಅದನ್ನು ನಂಬಿದ್ದರು.

“ಯಾರೂ ಬ್ಯಾಡ ಅನ್ನೂದಿಲ್ರೀ,” ಎಂದರು ತಡಸದ. “ಅದಕ್ಕ ಅಂಜತೀನಿ ನಾ.”

ಅವತ್ತೇ ಮಧ್ಯಾಹ್ನ ಚೆಲುವಾಂಬ ಹೊಸ ಫಂಕ್ಷನ್ ಬರೆದರು. ಹೆಸರು ‘ಸಾವಿನ ಮನೆ’. ವಾಲ್ವ್‌ಮನ್ ಸಾವಿನ ಸುದ್ದಿ ಕೊಟ್ಟರೆ, ಟ್ಯಾಂಕಿನಲ್ಲಿ ನೀರಿದ್ದರೆ, ಆ ಓಣಿಗೆ ನಲವತ್ತು ನಿಮಿಷ ನೀರು ಬಿಡು. ಐದು ಸಾಲು. ತಾವು ಪಟ್ಟಿ ಕಟ್ಟಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಕಡಲೆಕಾಯಿ ಮಾರುವವಳನ್ನು ಕರೆದು ಕಟ್ಟಿಸಿ ಓದಿಸಿದರು. ಮೂರು ಸಿಕ್ಕು. ಆಕೆ ಓದಿ, ಇಷ್ಟೇನು, ನಮ್ಮ ಓಣ್ಯಾಗ ಮೊದಲಿಂದ ಹಿಂಗ ಐತಲ್ಲ ಎಂದಳು. ತಡಸದ ಅವರು ಕೂಡ ಅದನ್ನು ಎರಡು ಸಲ ಓದಿ, ಛಂದ ಬರದೀರಿ ಎಂದು ಒಪ್ಪಿಕೊಂಡರು. ನಿಯಮ ಹೊಸದಾದ್ದರಿಂದ ಮಂಡಳಿಯ ಸಭೆಯ ಒಪ್ಪಿಗೆ ಬೇಕಿತ್ತು.

ಸಭೆಯಲ್ಲಿ ಒಬ್ಬರೂ ವಿರೋಧಿಸಲಿಲ್ಲ. ಇಪ್ಪತ್ತೊಂದು ಸದಸ್ಯರಲ್ಲಿ ಆರು ಮಂದಿ ಇದೊಂದು ಪುಣ್ಯದ ಕೆಲಸ ಎಂದು ಭಾಷಣ ಮಾಡಿದರು. ಇಪ್ಪತ್ತೆರಡು ವರ್ಷದಿಂದ ನಡೆದುಬಂದದ್ದನ್ನು ಅವರೆಲ್ಲ ಅಂದು ಮೊದಲ ಸಲ ಓದಿದ್ದರು, ಓದಲು ಬರುವಂತಿದ್ದದ್ದೇ ಅದು ಮೊದಲ ಸಲ. ಗೋಡೆಯ ಮೇಲೆ ಐದು ಸಾಲುಗಳು ದೊಡ್ಡದಾಗಿ ಕಾಣುತ್ತಿದ್ದವು. ಪಕ್ಕದಲ್ಲಿ ಸಿಕ್ಕಿನ ಅಂಕಿ. ಪಟ್ಟಿ ಸಭೆಯ ಗುಮಾಸ್ತರ ಹಣೆಯ ಮೇಲಿತ್ತು, ಏಕೆಂದರೆ ಅವರು ಸಾಮಾನ್ಯ ಮನುಷ್ಯರೆಂದು ಎಲ್ಲರೂ ಒಪ್ಪಿದ್ದರು.

ಅಧ್ಯಕ್ಷರು ಒಂದೇ ಒಂದು ಮಾತು ಸೇರಿಸಿದರು. ಸಾವು ನಿಜವೆಂದು ಯಾರು ಹೇಳಬೇಕು? ವಾಲ್ವ್‌ಮನ್ ಡಾಕ್ಟರಲ್ಲ. ಆದ್ದರಿಂದ ಮರಣ ಪ್ರಮಾಣಪತ್ರವಿದ್ದರೆ. ಸಿಕ್ಕು ಐದಾಯಿತು. ಎರಡನೆಯವರು, ಆಸ್ಪತ್ರೆಯಲ್ಲಿ ಸತ್ತು ಮನೆಗೆ ಬಂದವರ ಗತಿಯೇನು ಎಂದು ಕೇಳಿದರು, ನ್ಯಾಯವಾಗಿತ್ತು. ಎಂಟು. ಒಂದೇ ಓಣಿಯಲ್ಲಿ ಒಂದೇ ದಿನ ಎರಡು ಸಾವಾದರೆ ಎರಡು ಸಲ ಬಿಡುವುದು ನೀರಿನ ದುಂದಲ್ಲವೇ ಎಂದರು ಮೂರನೆಯವರು. ಹನ್ನೊಂದು. ಬೋರ್‌ವೆಲ್ ಇದ್ದ ಮನೆಯಾದರೆ? ಬಾಡಿಗೆಯವರಾದರೆ ಮಾಲೀಕರ ಸಹಿ? ಟೇಲ್ ಎಂಡಿನ, ಅಂದರೆ ಪೈಪಿನ ಕೊನೆಯ ಓಣಿಗಳಿಗೆ ನಲವತ್ತು ನಿಮಿಷದಲ್ಲಿ ಗಾಳಿಯಷ್ಟೇ ಬರುತ್ತದೆ, ಅವರಿಗೆ ಅರವತ್ತು ಕೊಡದಿದ್ದರೆ ಅನ್ಯಾಯ. ಎಲ್ಲರಿಗೂ ಅರವತ್ತು ಕೊಟ್ಟರೆ ಟ್ಯಾಂಕಿಗೆ ಅನ್ಯಾಯ. ಸತ್ತವರು ಆ ಓಣಿಯವರಲ್ಲದೆ ನೆಂಟರಾಗಿ ಬಂದವರಾದರೆ? ಒಂದೂ ಕೆಟ್ಟ ಪ್ರಶ್ನೆಯಲ್ಲ. ಪ್ರತಿಯೊಂದರ ಹಿಂದೆ ಕೇಳಿದವರು ಕಣ್ಣಾರೆ ಕಂಡ ಒಂದು ಹೆಣವಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಗೋಡೆಯ ಮೇಲೆ ಐವತ್ತೆರಡು ಸಾಲುಗಳಿದ್ದವು, ಪಟ್ಟಿ ಮೂವತ್ನಾಲ್ಕು ತೋರಿಸುತ್ತಿತ್ತು, ಗುಮಾಸ್ತರು ತಲೆನೋವೆಂದು ಅದನ್ನು ಬಿಚ್ಚಿಟ್ಟರು.

ಮಿತಿ ಹತ್ತು ಎಂದು ಚೆಲುವಾಂಬ ನೆನಪಿಸಿದರು. ಷರತ್ತುಗಳನ್ನು ಬಿಟ್ಟು ಮೊದಲಿನ ಐದು ಸಾಲನ್ನೇ ಇಟ್ಟುಕೊಳ್ಳೋಣ ಎಂದು ಎದ್ದು ನಿಂತು ಬೇಡಿಕೊಂಡರು. ತಡೆದರೂ ನಿಲ್ಲಲಿಲ್ಲ, ಹೂಗಾರ ಓಣಿಯ ಮೂರೂವರೆ ಕೊಡದ ಕತೆಯನ್ನು ಹೇಳಿದರು. ಇಬ್ಬರು ಸದಸ್ಯೆಯರು ಕಣ್ಣು ಒರೆಸಿಕೊಂಡರು. ಆದರೆ ತಮ್ಮ ಷರತ್ತನ್ನು ವಾಪಸು ತಗೊಳ್ಳಿ ಎಂದಾಗ ಎಲ್ಲರೂ ಪಕ್ಕದವರನ್ನು ನೋಡಿದರು. ತಮ್ಮ ವಾರ್ಡಿನವರಿಗೆ ಹೇಗೆ ಮುಖ ತೋರಿಸುವುದು?

ಹಿಂದಿನ ಸಾಲಿನಲ್ಲಿ ಕೂತಿದ್ದ ತಡಸದ ಅವರು ಆ ಹೊತ್ತಿಗೆ ಎದ್ದು ಹೋಗಿದ್ದರು.

ನಾಲ್ಕು ಗಂಟೆಗೆ ಠರಾವಾಯಿತು. ‘ಸಾವಿನ ಮನೆ’ ಎಂಬ ಫಂಕ್ಷನ್ನು ಸುಬೋಧ ಕಾಯಿದೆಯ ಮಿತಿಯನ್ನು ಮೀರುವುದರಿಂದ ಕೈಬಿಡಲಾಗಿದೆ. ಸಾವಿರದ ನೂರ ನಲವತ್ತು ಅನಧಿಕೃತ ಕರೆಗಳ ಬಗ್ಗೆ ಒಂಬತ್ತು ವಾಲ್ವ್‌ಮನ್ನುಗಳಿಂದ ಲಿಖಿತ ವಿವರಣೆ ಕೇಳಲಾಗಿದೆ. ಡ್ರಾವರಿನ ಫೋನಿನ ಸಂಪರ್ಕ ಕಡಿಯಲಾಗಿದೆ. ಚೆಲುವಾಂಬ ಆ ತಿಂಗಳ ಕೊನೆಯಲ್ಲಿ ಬೇರೆ ಊರಿನ ಓದಿಗೆ ಹೋದರು. ತಡಸದ ಅವರನ್ನು ಇಟ್ಟುಕೊಳ್ಳುವ ಅಗತ್ಯ ಮಂಡಳಿಗೆ ಉಳಿಯಲಿಲ್ಲ. ಪ್ರೋಗ್ರಾಮು ಈಗ ಎಲ್ಲರಿಗೂ ತಿಳಿಯುತ್ತದೆ. ಹಿರೇಬಾವಿಯಲ್ಲಿ ಸರದಿಯಲ್ಲದ ದಿನ ಸತ್ತವರ ಓಣಿಗೆ ಸರದಿಯ ದಿನ ನೀರು ಬರುತ್ತದೆ.